ಜಾರ್ಜ್ ಕಾರ್ಲಿನ್ ತೀರಿಸಿದ ಸಾಲ

ಯಾವ ಹಾಸ್ಯಗಾರನ ಹೆಸರನ್ನಾದರೂ ಜಾಲದಲ್ಲಿ ಹುಡುಕಿ ನೋಡಿ. ಅವನು ವೇದಿಕೆಯ ಮೇಲೆ ಏನು ಹೇಳಿದ ಎನ್ನುವುದಕ್ಕಿಂತ ಮೊದಲು ಎರಡು ಪ್ರಶ್ನೆ ಕಣ್ಣಿಗೆ ಬೀಳುತ್ತವೆ: ಇವನ ಆಸ್ತಿ ಎಷ್ಟು, ಇವನ ಹೆಂಡತಿ ಯಾರು. ಈ ಕುತೂಹಲ ಸಣ್ಣದು ಎಂದು ನಾನು ಹೇಳುವುದಿಲ್ಲ. ಜೀವನಪೂರ್ತಿ ಬೇರೆಯವರ ಲೆಕ್ಕಪತ್ರ, ತೆರಿಗೆ ಕಾಗದ ನೋಡಿಕೊಂಡು ಬಂದವನು ನಾನು. ಮನುಷ್ಯ ಬಾಯಿಬಿಟ್ಟು ಹೇಳದ್ದನ್ನು ಅವನ ಜಮಾಖರ್ಚು ಹೇಳಿಬಿಡುತ್ತದೆ. ನನ್ನ ತಕರಾರು ಇರುವುದು ಅಲ್ಲಿ ಕೊಡುವ ಆ ಒಂದೇ ಸಂಖ್ಯೆಯ ಬಗ್ಗೆ. ದುಡ್ಡು ಯಾವ ದಾರಿಯಲ್ಲಿ ಬಂತು, ಎಲ್ಲಿ ಸೋರಿತು, ಯಾರ ಬಾಕಿಗೆ ಹೋಯಿತು, ಅದಕ್ಕಾಗಿ ಎಷ್ಟು ರಾತ್ರಿ ಮನೆಯಿಂದ ಹೊರಗೆ ಕಳೆದ ಎಂಬ ಯಾವುದೂ ಆ ಸಂಖ್ಯೆಯೊಳಗೆ ಇರುವುದಿಲ್ಲ. ಅದಕ್ಕೇ ಇವತ್ತು ಒಬ್ಬನೇ ಮನುಷ್ಯನ ಖಾತೆಯನ್ನು ನಿಮ್ಮ ಮುಂದೆ ತೆರೆದು ಓದೋಣ ಎಂದುಕೊಂಡಿದ್ದೇನೆ. ಅವನು ಅಮೆರಿಕದ ಹಾಸ್ಯಗಾರ ಜಾರ್ಜ್ ಕಾರ್ಲಿನ್.

ಹುಟ್ಟಿದ್ದು 1937ರ ಮೇ 12, ನ್ಯೂಯಾರ್ಕ್‌ನಲ್ಲಿ. ತಂದೆ ಪತ್ರಿಕೆಗೆ ಜಾಹೀರಾತು ಹಿಡಿಯುವ ಕೆಲಸದವನು, ಮಾತಿನಲ್ಲಿ ಜಾಣ, ಕುಡಿತಕ್ಕೆ ಬಿದ್ದವನು. ಜಾರ್ಜ್ ಇನ್ನೂ ಎರಡು ತಿಂಗಳ ಕೂಸಾಗಿದ್ದಾಗಲೇ ತಾಯಿ ಮೇರಿ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಆ ಮನೆ ಬಿಟ್ಟಳು. ಆಫೀಸಿನಲ್ಲಿ ದುಡಿದು ಮಕ್ಕಳನ್ನು ಸಾಕಿದಳು. ಹುಡುಗ ಯಾವುದಾದರೂ ಪದದ ಅರ್ಥ ಕೇಳಿದರೆ, ನಿಘಂಟು ತೆಗೆದು ನೋಡು ಎನ್ನುತ್ತಿದ್ದಳಂತೆ. ಅವಳ ತಂದೆ ನ್ಯೂಯಾರ್ಕ್‌ನ ಪೊಲೀಸು. ಆ ಮನುಷ್ಯ ಶೇಕ್ಸ್‌ಪಿಯರನ ನಾಟಕಗಳನ್ನು ಬರೀ ಬರೆಯುವ ಸುಖಕ್ಕಾಗಿ ಕೈಯಲ್ಲಿ ಪ್ರತಿ ಮಾಡಿಕೊಂಡಿದ್ದ ಎಂದು ಕಾರ್ಲಿನ್ ಹೆಮ್ಮೆಯಿಂದ ಹೇಳುತ್ತಿದ್ದ. ಆಸ್ತಿ ಎಂದು ಆ ಮನೆಯಿಂದ ಅವನಿಗೆ ಬಂದದ್ದು ಇಷ್ಟೇ, ಪದಗಳ ಮೇಲಿನ ಈ ಮೋಹ. ಒಂಬತ್ತನೆಯ ತರಗತಿಗೆ ಶಾಲೆ ಮುಗಿಯಿತು.

ಆದರೆ ಹುಡುಗನ ತಲೆಯಲ್ಲಿ ಒಂದು ಯೋಜನೆ ಸಿದ್ಧವಾಗಿತ್ತು. ಆ ಕಾಲದ ಹಾಲಿವುಡ್ ಹಾಸ್ಯನಟ ಡ್ಯಾನಿ ಕೇ ಅವನ ಆರಾಧ್ಯ ದೈವ. ಮೊದಲು ರೇಡಿಯೊ, ಅಲ್ಲಿಂದ ಹಾಸ್ಯದ ವೇದಿಕೆ, ಅಲ್ಲಿಂದ ಸಿನಿಮಾ. ಈ ಮೂರನೆಯ ಮೆಟ್ಟಿಲನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಅವನು ಬದುಕಿನಲ್ಲಿ ತುಂಬ ಆಸೆಪಟ್ಟದ್ದು ಅದಕ್ಕೆ, ಸಾಲ ಅಡ್ಡ ನಿಂತದ್ದೂ ಅಲ್ಲಿಯೇ.

ಮೊದಲ ಎರಡು ಮೆಟ್ಟಿಲು ಬೇಗ ಹತ್ತಿದ. ವಾಯುಪಡೆ ಸೇರಿ ಲೂಯಿಸಿಯಾನಾದಲ್ಲಿ ರೇಡಾರ್ ತಂತ್ರಜ್ಞನಾಗಿದ್ದಾಗಲೇ ಪಕ್ಕದ ಶ್ರೀವ್‌ಪೋರ್ಟ್‌ನ ರೇಡಿಯೊದಲ್ಲಿ ಹಾಡು ಹಾಕತೊಡಗಿದ. 1959ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಜ್ಯಾಕ್ ಬರ್ನ್ಸ್ ಎಂಬ ಜೊತೆಗಾರ ಸಿಕ್ಕ. ಮರುವರ್ಷ ಇಬ್ಬರೂ ಕೆಲಸ ಬಿಟ್ಟು ಹಾಲಿವುಡ್‌ಗೆ ಹೊರಟರು. ಜೋಡಿಯಾಗಿ ತಿರುಗುತ್ತಿದ್ದಾಗ ಒಹಾಯೊದ ಡೇಟನ್‌ನಲ್ಲಿ ಬ್ರೆಂಡಾ ಹಾಸ್‌ಬ್ರೂಕ್ ಪರಿಚಯವಾದಳು. 1961ರಲ್ಲಿ ಮದುವೆ, 1963ರಲ್ಲಿ ಮಗಳು ಕೆಲ್ಲಿ. ಅಷ್ಟರಲ್ಲಿ ಬರ್ನ್ಸ್ ಜೊತೆ ಬಿಟ್ಟು ಕಾರ್ಲಿನ್ ಒಬ್ಬನೇ ಮೈಕಿನ ಮುಂದೆ ನಿಂತಿದ್ದ.

ಅರವತ್ತರ ದಶಕದ ಕಾರ್ಲಿನ್‌ನನ್ನು ನೋಡಿದರೆ ನಿಮಗೆ ಗುರುತು ಸಿಗಲಿಕ್ಕಿಲ್ಲ. ಸೂಟು, ಟೈ, ಕತ್ತರಿಸಿದ ಕೂದಲು. ಟಿವಿಯ ದೊಡ್ಡ ಕಾರ್ಯಕ್ರಮಗಳಲ್ಲೆಲ್ಲ ಬರುತ್ತಿದ್ದ, ಲಾಸ್ ವೇಗಸ್‌ನ ಹೋಟೆಲುಗಳಲ್ಲಿ ಕೈತುಂಬ ದುಡಿಯುತ್ತಿದ್ದ. ಯಾರ ಕಣ್ಣಿಗೂ ಅದು ಯಶಸ್ಸೇ. ಅವನಿಗೆ ಮಾತ್ರ ಒಳಗೊಳಗೇ ಇರಿಸುಮುರಿಸು. ತನಗೆ ಆಪ್ತರೆನಿಸುವ ಯುವಕರು ಹೊರಗೆ ಬೀದಿಯಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕೂಗುತ್ತಿದ್ದಾರೆ, ತಾನು ಒಳಗೆ ಅವರ ಅಪ್ಪ ಅಮ್ಮಂದಿರನ್ನು ನಗಿಸುತ್ತ ಕೂತಿದ್ದೇನೆ ಎನ್ನುವ ಸಂಕಟ ಅದು. 1970ರ ಹೊತ್ತಿಗೆ ಗಡ್ಡ ಬಿಟ್ಟ, ಕೂದಲು ಬಿಟ್ಟ, ಬಾಯಿಗೆ ಬಂದ ಪದವನ್ನು ತಡೆಯುವುದನ್ನೂ ಬಿಟ್ಟ. ವೇಗಸ್‌ನ ಹೋಟೆಲೊಂದು ಒಂದು ಪದದ ಕಾರಣಕ್ಕೆ ಅವನನ್ನು ಮನೆಗೆ ಕಳಿಸಿತು. ದೊಡ್ಡ ಸಂಬಳದ ಜಾಗದಿಂದ ಕಾಫಿ ಹೌಸು, ಕಾಲೇಜು ಸಭಾಂಗಣಗಳಿಗೆ ಇಳಿದ. ನನ್ನ ಬಳಿ ಆಗ ಸಲಹೆ ಕೇಳಲು ಬಂದಿದ್ದರೆ, ಲೆಕ್ಕದ ಮನುಷ್ಯನಾದ ನಾನು ಖಂಡಿತ ಬೇಡ ಎನ್ನುತ್ತಿದ್ದೆ. ನನ್ನ ಸಲಹೆ ತಪ್ಪಾಗುತ್ತಿತ್ತು.

ಯಾಕೆಂದರೆ 1972ರಲ್ಲಿ ಅವನ ಎರಡು ಧ್ವನಿಮುದ್ರಿಕೆಗಳು ಬಂದವು. ಒಂದಕ್ಕೆ ಗ್ರ್ಯಾಮಿ ಪ್ರಶಸ್ತಿ. ಒಟ್ಟು ಐದು ಗ್ರ್ಯಾಮಿಗಳಲ್ಲಿ ಅದು ಮೊದಲನೆಯದು. ಇನ್ನೊಂದರಲ್ಲಿ ಟಿವಿಯಲ್ಲಿ ಹೇಳಬಾರದ ಏಳು ಪದಗಳ ಪ್ರಸಂಗವಿತ್ತು. ಅದನ್ನು ಆ ವರ್ಷದ ಜುಲೈ 21ರಂದು ಮಿಲ್ವಾಕೀ ನಗರದ ಉತ್ಸವದಲ್ಲಿ ಹೇಳಿದ್ದಕ್ಕೆ ಪೊಲೀಸರು ಹಿಡಿದುಕೊಂಡು ಹೋದರು. ಡಿಸೆಂಬರಿನಲ್ಲಿ ನ್ಯಾಯಾಧೀಶರು, ಮಾತು ಅಸಭ್ಯ ನಿಜ, ಆದರೆ ಗದ್ದಲವೇನೂ ಆಗಲಿಲ್ಲವಲ್ಲ ಎಂದು ಕೇಸು ವಜಾ ಮಾಡಿದರು. ಮರುವರ್ಷ ಅದೇ ಬಗೆಯ ಇನ್ನೊಂದು ಪ್ರಸಂಗವನ್ನು ನ್ಯೂಯಾರ್ಕ್‌ನ ರೇಡಿಯೊ ಕೇಂದ್ರವೊಂದು ಮಧ್ಯಾಹ್ನದ ಹೊತ್ತು ಬಿತ್ತರಿಸಿತು. ಆ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿ, 1978ರಲ್ಲಿ 5–4ರ ಅಂತರದಲ್ಲಿ ರೇಡಿಯೊದವರು ಸೋತರು. ಮಕ್ಕಳು ಕೇಳುವ ಹೊತ್ತಿನಲ್ಲಿ ಇಂಥ ಮಾತು ಬಿತ್ತರಿಸದಂತೆ ಸರಕಾರ ತಡೆಯಬಹುದು ಎಂದಾಯಿತು. ಸ್ವಲ್ಪ ದಾರಿ ಬಿಟ್ಟು ಹೇಳುತ್ತೇನೆ, ಈ ತೀರ್ಪನ್ನು ಕಾನೂನು ಓದುವವರು ಒಮ್ಮೆ ತೆಗೆದು ನೋಡಬೇಕು. ಹಾಸ್ಯಗಾರನೊಬ್ಬನ ಪ್ರಸಂಗ ಮೊದಲಿಂದ ಕೊನೆಯವರೆಗೆ, ಜನ ನಕ್ಕ ಜಾಗಗಳ ಗುರುತಿನ ಸಮೇತ, ತೀರ್ಪಿಗೆ ಅನುಬಂಧವಾಗಿ ಅಚ್ಚಾಗಿದೆ. ಆ ಮೊಕದ್ದಮೆಯಲ್ಲಿ ಕಾರ್ಲಿನ್ ಪಕ್ಷಗಾರನೂ ಅಲ್ಲ. ಅದರಿಂದ ಅವನಿಗೆ ದುಡ್ಡು ಬರಲಿಲ್ಲ, ಕೀರ್ತಿ ಬಂತು.

ಧ್ವನಿಮುದ್ರಿಕೆಗಳಿಂದಲೂ ಕಾರ್ಯಕ್ರಮಗಳಿಂದಲೂ ದುಡ್ಡು ಬಂತು, ಹರಿದು ಬಂತು. ಅದೇ ವೇಗದಲ್ಲಿ ಕೊಕೇನ್ ಕೂಡ ಮನೆಯೊಳಗೆ ಬಂತು. ಅತ್ತ ಬ್ರೆಂಡಾ ಕುಡಿತದಲ್ಲಿ ಮುಳುಗಿದ್ದಳು. ಮಗಳು ಕೆಲ್ಲಿ ಮುಂದೆ ಆ ದಿನಗಳ ಬಗ್ಗೆ ಬಿಚ್ಚುಮನಸ್ಸಿನಿಂದ ಬರೆದಿದ್ದಾರೆ. ಹವಾಯಿಗೆ ರಜೆಗೆಂದು ಹೋದಾಗ ಅಪ್ಪ ಅಮ್ಮನ ಜಗಳ ತಾಳಲಾರದೆ ಆ ಪುಟ್ಟ ಹುಡುಗಿ ಒಂದು ಕರಾರುಪತ್ರ ಬರೆದಳು. ಕೊಕೇನ್ ಬೇಡ, ಈ ರಜೆ ಮುಗಿಯುವ ತನಕ ಕುಡಿಯುವುದು ಬೇಡ, ಒಬ್ಬರನ್ನೊಬ್ಬರು ಪ್ರೀತಿಸುವಂತೆ ನಟಿಸಿದರೂ ಸಾಕು, ಎಂಬ ಅರ್ಥದ ಷರತ್ತುಗಳು. ಇಬ್ಬರೂ ಸಹಿ ಹಾಕಿದರು. ಕರಾರು ಹೆಚ್ಚು ಹೊತ್ತು ಉಳಿಯಲಿಲ್ಲ. ನಾನು ಎಷ್ಟೋ ಕರಾರುಪತ್ರಗಳನ್ನು ಓದಿದ್ದೇನೆ, ಇದರಷ್ಟು ಎದೆ ಹಿಂಡಿದ ಪತ್ರ ಇನ್ನೊಂದಿಲ್ಲ. ಈ ಮನೆಯಲ್ಲಿ ಹಿರಿಯರ ಕೆಲಸ ಮಾಡುತ್ತಿದ್ದದ್ದು ಯಾರು ಎನ್ನುವುದು ಆ ಒಂದು ಹಾಳೆಯಲ್ಲಿ ಗೊತ್ತಾಗಿಬಿಡುತ್ತದೆ. ಬ್ರೆಂಡಾ 1975ರಲ್ಲಿ ಕುಡಿತ ಬಿಟ್ಟಳು, ಮತ್ತೆ ಮುಟ್ಟಲಿಲ್ಲ. ಕಾರ್ಲಿನ್ ಬಿಡಿಸಿಕೊಳ್ಳಲು ಇನ್ನೂ ತುಂಬ ಕಾಲ ಒದ್ದಾಡಿದ.

ಈ ಗೊಂದಲದ ನಡುವೆ ಲೆಕ್ಕ ನೋಡುವವರು ಯಾರು? ಯಾರೂ ಇಲ್ಲ. ತೆರಿಗೆ ಕಟ್ಟುವುದು ಬಾಕಿಯಾಯಿತು. ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಹೇಳಬೇಕು, ತಾಳ್ಮೆಯಿಂದ ಕೇಳಿ, ಏಕೆಂದರೆ ಈ ಕತೆಯ ಗಂಟು ಇರುವುದೇ ಇಲ್ಲಿ. ನೌಕರನಾದರೆ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಂಡಿರುತ್ತಾರೆ. ಸ್ವಂತ ದುಡಿಮೆಯ ಕಲಾವಿದನಿಗೆ ಆ ರಕ್ಷಣೆ ಇಲ್ಲ. ಪೂರ್ತಿ ಮೊತ್ತ ಕೈಗೆ ಬರುತ್ತದೆ, ಪೂರ್ತಿ ತನ್ನದೇ ಅನ್ನಿಸುತ್ತದೆ. ಅಮೆರಿಕದಲ್ಲಿ ಅಂಥವರು ವರ್ಷಕ್ಕೆ ನಾಲ್ಕು ಕಂತಿನಲ್ಲಿ ತಾವಾಗಿಯೇ ಅಂದಾಜು ಮಾಡಿ ಕಟ್ಟಬೇಕು. ಎಪ್ಪತ್ತರ ದಶಕದಲ್ಲಿ ದುಡಿಮೆಯ ಆದಾಯದ ಮೇಲಿನ ಗರಿಷ್ಠ ದರ ಶೇ 50. ಅಂದರೆ ಮೇಲ್‌ಸ್ತರದಲ್ಲಿ ಬಂದ ಪ್ರತಿ ಡಾಲರಿನಲ್ಲಿ ಅರ್ಧ ಅವನದಲ್ಲವೇ ಅಲ್ಲ. ಕಟ್ಟದೆ ಬಿಟ್ಟರೆ ದಂಡ, ದಂಡದ ಜೊತೆ ಬಡ್ಡಿ. ಆ ಬಡ್ಡಿಯ ದರ 1978ರಲ್ಲಿ ಶೇ 6 ಇದ್ದದ್ದು 1980ರಲ್ಲಿ ಶೇ 12, 1982ರಲ್ಲಿ ಶೇ 20 ಆಯಿತು. 1983ರಿಂದ ದಿನದಿನಕ್ಕೂ ಚಕ್ರಬಡ್ಡಿ. ಬಾಕಿ ಉಳಿಸಿಕೊಂಡವನ ಪಾಲಿಗೆ ಅದಕ್ಕಿಂತ ಕೆಟ್ಟ ಕಾಲ ಇರಲಿಲ್ಲ.

ಇನ್ನೂ ಒಂದು ಮಾತು. ಹಳೆಯ ತೆರಿಗೆ ಬಾಕಿಯನ್ನು ಹೊಸ ಸಂಪಾದನೆಯಿಂದಲೇ ತೀರಿಸಬೇಕು. ಹೊಸ ಸಂಪಾದನೆಗೂ ತೆರಿಗೆ ಉಂಟು. ಅರ್ಧ ತೆರಿಗೆಗೆ ಹೋಗುವ ಕಾಲದಲ್ಲಿ ಒಂದು ಡಾಲರ್ ಬಾಕಿ ತೀರಿಸಬೇಕಾದರೆ ಎರಡು ಡಾಲರ್ ದುಡಿಯಬೇಕು. ಅದರ ಮೇಲೆ ಏಜೆಂಟಿನ ಪಾಲು, ಮ್ಯಾನೇಜರಿನ ಪಾಲು, ಪ್ರಯಾಣದ ಖರ್ಚು, ಮನೆಯ ಖರ್ಚು. ಕಾರ್ಲಿನ್‌ನ ಬಾಕಿ ಲಕ್ಷಾಂತರ ಡಾಲರ್. ಅದನ್ನು ತೀರಿಸಲು ಹದಿನೆಂಟರಿಂದ ಇಪ್ಪತ್ತು ವರ್ಷ ಹಿಡಿಯಿತು ಎಂದು ಅವನೇ ಹೇಳಿದ್ದಾನೆ. ದೊಡ್ಡ ಹೆಸರಿನ, ತುಂಬಿದ ಸಭಾಂಗಣಗಳ ಕಲಾವಿದನಿಗೆ ಅಷ್ಟು ವರ್ಷ ಯಾಕೆ ಬೇಕಾಯಿತು ಎಂದು ಕೇಳುವವರಿಗೆ ಈ ಲೆಕ್ಕವೇ ಉತ್ತರ.

ಸಂಪಾದನೆ ಬೇರೆ, ಆಸ್ತಿ ಬೇರೆ ಎಂಬುದಕ್ಕೆ ಇನ್ನೊಬ್ಬನ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಜೆರ್ರಿ ಸೈನ್‌ಫೆಲ್ಡ್ ಕೂಡ ಮೈಕು ಹಿಡಿದೇ ಬೆಳೆದವನು. 2024ರಲ್ಲಿ ಬ್ಲೂಮ್‌ಬರ್ಗ್ ಎಂಬ ಹಣಕಾಸು ಸುದ್ದಿಸಂಸ್ಥೆ ಅವನನ್ನು ಶತಕೋಟಿ ಡಾಲರ್ ಒಡೆಯರ ಸಾಲಿಗೆ ಸೇರಿಸಿತು. ಆ ಹಣದ ದೊಡ್ಡ ಭಾಗ ಬಂದದ್ದು 1989ರಿಂದ 1998ರ ತನಕ ನಡೆದ ಅವನ ಟಿವಿ ಸರಣಿಯ ಮರುಪ್ರಸಾರದಿಂದ, ಅದರಲ್ಲಿ ಅವನಿಗಿದ್ದ ಪಾಲಿನಿಂದ. ಅವನು ಮಲಗಿದ್ದಾಗಲೂ ಆ ಸರಣಿ ಎಲ್ಲೋ ಓಡುತ್ತಿರುತ್ತದೆ. ವೇದಿಕೆಯ ಸಂಪಾದನೆ ಹಾಗಲ್ಲ. ನೀವು ಎದ್ದು ನಿಂತಷ್ಟು ಹೊತ್ತು ಮಾತ್ರ ಬರುತ್ತದೆ. ಇಲ್ಲಿ ಕೂತಿರುವ ಕಿರಿಯರಲ್ಲಿ ಮೈಕು ಹಿಡಿಯುವ ಆಸೆ ಇರುವವರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು.

ಮತ್ತೆ ಕಾರ್ಲಿನ್‌ಗೆ ಬರೋಣ. 1978ರಲ್ಲಿ ಮೊದಲ ಹೃದಯಾಘಾತ, 1982ರಲ್ಲಿ ಎರಡನೆಯದು. ಅವನ ಕಾಲ ಮುಗಿಯಿತು ಎಂದು ಆಡಿಕೊಳ್ಳುವವರೂ ಇದ್ದರು. ಈ ಹೊತ್ತಿನಲ್ಲಿ ಜೆರ್ರಿ ಹಾಮ್ಜಾ ಎಂಬ ಮ್ಯಾನೇಜರ್ ಅವನ ವ್ಯವಹಾರ ಕೈಗೆತ್ತಿಕೊಂಡ; ಮುಂದೆ ಕೊನೆಯ ತನಕ ಜೊತೆಗಿದ್ದ. ದಾರಿ ಒಂದೇ ಇತ್ತು: ಊರಿಂದ ಊರಿಗೆ ಪ್ರವಾಸ. ಸಿನಿಮಾ ಎಂದರೆ ಪಾತ್ರಕ್ಕಾಗಿ ಕಾಯಬೇಕು, ಚಿತ್ರೀಕರಣಕ್ಕೆ ತಿಂಗಳುಗಟ್ಟಲೆ ಕೊಡಬೇಕು. ಸಭಾಂಗಣದ ಹಣ ಆ ರಾತ್ರಿಯೇ ಎಣಿಸಿ ಸಿಗುತ್ತದೆ. ತೆರಿಗೆಯವರು ಕಾಯುವುದಿಲ್ಲ. ಹಾಗಾಗಿ ಡ್ಯಾನಿ ಕೇ ಆಗುವ ಆ ಮೂರನೆಯ ಮೆಟ್ಟಿಲನ್ನು ಅವನು ಹತ್ತಲಾಗಲಿಲ್ಲ. ಆಗಾಗ ಸಣ್ಣಪುಟ್ಟ ಪಾತ್ರ ಮಾಡಿದ, ಅಷ್ಟೇ.

ಇದರ ಬಗ್ಗೆ ಮುಪ್ಪಿನಲ್ಲಿ ಅವನು ಆಡಿದ ಮಾತು ನನ್ನನ್ನು ಈ ಉಪನ್ಯಾಸಕ್ಕೆ ಹಚ್ಚಿತು. ತೆರಿಗೆ ಇಲಾಖೆಯ ಮೇಲೆ ತನಗೆ ಸಿಟ್ಟಿಲ್ಲ, ತಪ್ಪು ತನ್ನದು, ಮರ್ಯಾದೆಯಿಂದ ತೀರಿಸಿದೆ ಎಂದ. ಮುಂದುವರಿದು, ಆ ಸಾಲ ತನ್ನನ್ನು ರಸ್ತೆಯ ಮೇಲೆ ಉಳಿಸಿತು, ಸಿನಿಮಾದ ಬೆನ್ನು ಹತ್ತಲು ಬಿಡಲಿಲ್ಲ, ಅದರಿಂದಲೇ ತಾನು ಇನ್ನೂ ಒಳ್ಳೆಯ ಹಾಸ್ಯಗಾರನಾದೆ ಎಂದ.

ಅದು ಹೇಗಾಗುತ್ತದೆ ಎಂದು ಬಿಡಿಸಿ ನೋಡಬೇಕು. ಹಾಡುಗಾರನಿಗೆ ಹಳೆಯ ಹಾಡೇ ಬಂಡವಾಳ. ಅದನ್ನು ಹಾಡದಿದ್ದರೆ ಜನ ಬೇಸರಪಡುತ್ತಾರೆ. ಹಾಸ್ಯಕ್ಕೆ ಆ ಭಾಗ್ಯವಿಲ್ಲ. ಒಮ್ಮೆ ಕೇಳಿದ ಮೇಲೆ ಅದರ ಅನಿರೀಕ್ಷಿತ ತಿರುವು ಎರಡನೆಯ ಸಲ ಕೆಲಸ ಮಾಡುವುದಿಲ್ಲ. ಸಾಲದ ಕಾರಣಕ್ಕೆ ಅವನು ಮತ್ತೆ ಮತ್ತೆ ಅದೇ ಊರಿಗೆ ಹೋಗಬೇಕು. ಹಿಂದೆ ಟಿಕೆಟ್ ಕೊಂಡವನೇ ಈಗಲೂ ಬಂದು ಕೂರುತ್ತಾನೆ. ಅವನಿಗೆ ಹಳೆಯದನ್ನೇ ಬಡಿಸಿದರೆ ಮುಂದಿನ ಬಾರಿ ಆ ಕುರ್ಚಿ ಖಾಲಿ. ಇದರ ಜೊತೆಗೆ ಎಚ್‌ಬಿಒ ವಾಹಿನಿ. 1977ರಲ್ಲಿ ಮೊದಲನೆಯದು, 2008ರಲ್ಲಿ ಕೊನೆಯದು, ಒಟ್ಟು 14 ವಿಶೇಷ ಕಾರ್ಯಕ್ರಮಗಳು. ಒಂದು ಗಂಟೆ ಟಿವಿಯಲ್ಲಿ ಬಂತೆಂದರೆ ದೇಶವೇ ಕೇಳಿ ಮುಗಿಸಿದಂತೆ. ಮಾರನೆಯ ದಿನದಿಂದ ಹೊಸ ಗಂಟೆ ಕಟ್ಟಬೇಕು.

ಕಟ್ಟುವ ಕ್ರಮ ಯಾವುದೋ ಸ್ಫೂರ್ತಿಯ ಆಟವಾಗಿರಲಿಲ್ಲ, ಅಂಗಡಿಯ ದಾಸ್ತಾನು ಲೆಕ್ಕದಷ್ಟು ಶಿಸ್ತಿನದು. ತೋಚಿದ್ದನ್ನೆಲ್ಲ ಸಿಕ್ಕ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ. ಚೀಟಿಗಳನ್ನು ವಿಷಯವಾರು ವಿಂಗಡಿಸಿ ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳಿಗೆ ಹಾಕಿಡುತ್ತಿದ್ದ. ಒಂದು ಚೀಲ ದಪ್ಪವಾಗುತ್ತ ಬಂದರೆ ಆ ವಿಷಯ ಮಾಗುತ್ತಿದೆ ಎಂದರ್ಥ. ಆಗ ಕೂತು ಬರೆಯುತ್ತಿದ್ದ. ಬರೆದದ್ದನ್ನು ನಡೆಯುತ್ತಿರುವ ಪ್ರವಾಸದ ನಡುವೆ ಕೆಲವು ನಿಮಿಷ ತೂರಿಸಿ, ನಗು ಬಂದದ್ದನ್ನು ಉಳಿಸಿ, ಹಳೆಯದನ್ನು ಅಷ್ಟೇ ನಿಮಿಷ ತೆಗೆಯುತ್ತಿದ್ದ. ಹೀಗೆ ಇಟ್ಟಿಗೆ ಇಟ್ಟಿಗೆಯಾಗಿ ಇಡೀ ಗೋಡೆ ಬದಲಾಗುತ್ತಿತ್ತು. ಚಿತ್ರೀಕರಣದ ಹೊತ್ತಿಗೆ ಪದಕ್ಕೆ ಪದ ಬಾಯಿಪಾಠ. ಕೇಳುವವರಿಗೆ ಆಗಷ್ಟೇ ಹೊಳೆದಂತೆ ಕಾಣುವ ಮಾತು ಅಷ್ಟು ಸಲ ತಿದ್ದಿಸಿಕೊಂಡು ಬಂದದ್ದು. ತಾನು ಮೊದಲು ಬರಹಗಾರ, ಬರೆದದ್ದನ್ನು ತಾನೇ ಆಡಿ ತೋರಿಸುವವನು ಎಂದು ಅವನು ಹೇಳಿಕೊಳ್ಳುತ್ತಿದ್ದದ್ದು ಇದಕ್ಕೇ.

ಇನ್ನೊಂದು ಗುಣ ನನಗೆ ತುಂಬ ಹಿಡಿಸಿದೆ. ಎಂಬತ್ತರ ದಶಕದ ಕೊನೆಗೆ ಸ್ಯಾಮ್ ಕಿನಿಸನ್ ಎಂಬ, ವಯಸ್ಸಿನಲ್ಲಿ ತನಗಿಂತ ಎಷ್ಟೋ ಕಿರಿಯವನು ಗಂಟಲು ಹರಿಯುವಂತೆ ಕೂಗಿ ಹೆಸರು ಮಾಡಿದಾಗ, ಇವನೆದುರು ತಾನು ಹಿಂದೆ ಬೀಳಬಾರದು ಎಂದು ಕಾರ್ಲಿನ್ ತನ್ನ ಕಸುಬನ್ನು ಮತ್ತೊಂದು ಮಟ್ಟಕ್ಕೆ ಏರಿಸಿಕೊಂಡ. ಅದನ್ನು ಮುಚ್ಚಿಡಲೂ ಇಲ್ಲ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿದ ಕಾರ್ಯಕ್ರಮವನ್ನು ತನ್ನ ಅತ್ಯುತ್ತಮ ಎಂದು ಅವನೇ ಎಣಿಸಿದ್ದ. ಆ ವರ್ಷ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ ಕಿನಿಸನ್‌ಗೆ ಅದನ್ನು ಅರ್ಪಿಸಿದ. ಆಗ ಕಾರ್ಲಿನ್‌ಗೆ 54 ವರ್ಷ. ಮೂರನೆಯ ಹೃದಯಾಘಾತ ಆಗಿ ಒಂದು ವರ್ಷ. ಅದೇ ಕಾಲದಲ್ಲಿ ಅಮೆರಿಕದ ಪುಟ್ಟ ಮಕ್ಕಳು ಅವನನ್ನು ಬೇರೆಯೇ ರೂಪದಲ್ಲಿ ಬಲ್ಲವರಾಗಿದ್ದರು. ಥಾಮಸ್ ಎಂಬ ರೈಲು ಎಂಜಿನ್ನಿನ ಕತೆಗಳನ್ನು ಟಿವಿಯಲ್ಲಿ ಅಜ್ಜನ ಹಾಗೆ ಮೆಲ್ಲಗೆ ಹೇಳುತ್ತಿದ್ದ ದನಿ ಅವನದೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಸಾಲವನ್ನು ಗುರು ಎಂದು ಪೂಜಿಸಲು ನಾನು ನಿಮ್ಮನ್ನು ಕರೆಯುತ್ತಿಲ್ಲ. ಆ ಸಾಲದ ಕಂತನ್ನು ಅವನೊಬ್ಬನೇ ಕಟ್ಟಲಿಲ್ಲ. ಅಪ್ಪ ರಸ್ತೆಯಲ್ಲಿದ್ದ ವರ್ಷಗಳೆಂದರೆ ಕೆಲ್ಲಿ ಬೆಳೆದ ವರ್ಷಗಳು. ಗಂಡ ವಾರಗಟ್ಟಲೆ ಹೊರಗಿದ್ದಾಗ ಮನೆ ನಡೆಸಿದವಳು ಬ್ರೆಂಡಾ. ಅವಳು 1997ರ ಮೇ 11ರಂದು ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡಳು. ಮರುದಿನ ಅವನಿಗೆ ಅರವತ್ತು ತುಂಬಿತು. 36 ವರ್ಷದ ದಾಂಪತ್ಯ. ಅದರಲ್ಲಿ ಹೆಚ್ಚು ಕಡಿಮೆ ಅರ್ಧ ಕಾಲ ಸಾಲದ ನೆರಳಲ್ಲೇ ಕಳೆಯಿತು. ಮರುವರ್ಷ ಅವನು ಸ್ಯಾಲಿ ವೇಡ್ ಎಂಬಾಕೆಯನ್ನು ಮದುವೆಯಾದ, ಕೊನೆಯ ಹತ್ತು ವರ್ಷ ಆಕೆಯ ಜೊತೆ ಬಾಳಿದ. 2004ರ ಕೊನೆಗೆ, 67ನೆಯ ವಯಸ್ಸಿನಲ್ಲಿ, ವೈನ್ ಮತ್ತು ನೋವಿನ ಮಾತ್ರೆಯ ಚಟ ಮಿತಿಮೀರಿದೆ ಎಂದು ತಾನಾಗಿಯೇ ಚಿಕಿತ್ಸೆಗೆ ಸೇರಿದ, ಅದನ್ನು ಬಹಿರಂಗವಾಗಿ ಹೇಳಿದ. ಆ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಮಾತಾಡಿ ಸಾಲ ತೀರಿಸಿದ ಇನ್ನೊಬ್ಬ ನೆನಪಾಗುತ್ತಾನೆ, ಅಮೆರಿಕದ ಹಾಸ್ಯ ಲೇಖಕ ಮಾರ್ಕ್ ಟ್ವೇನ್. ಅಕ್ಷರ ಜೋಡಿಸುವ ಯಂತ್ರವೊಂದಕ್ಕೆ ದುಡ್ಡು ಸುರಿದು, ನಡೆಸುತ್ತಿದ್ದ ಪ್ರಕಾಶನ ಸಂಸ್ಥೆ 1894ರಲ್ಲಿ ಮುಳುಗಿ ದಿವಾಳಿಯಾದ. ಕಾನೂನಿನ ಪ್ರಕಾರ ಪೂರ್ತಿ ಕೊಡಬೇಕಾಗಿರಲಿಲ್ಲ. ಆದರೂ 1895ರಲ್ಲಿ, ಅರವತ್ತರ ಅಂಚಿನಲ್ಲಿ, ಉಪನ್ಯಾಸ ಕೊಡುತ್ತ ಲೋಕ ಸುತ್ತಲು ಹೊರಟ. 1896ರ ಜನವರಿಯಲ್ಲಿ ಮುಂಬಯಿಗೂ ಬಂದಿದ್ದ. ಪ್ರವಾಸ ಮುಗಿಸಿ ಇಂಗ್ಲೆಂಡಿನಲ್ಲಿದ್ದಾಗ, ಊರಲ್ಲಿ ಉಳಿದಿದ್ದ ಮಗಳು ಸೂಸಿ ಮಿದುಳು ಪೊರೆಯ ಉರಿಯೂತದಿಂದ ತೀರಿಕೊಂಡ ಸುದ್ದಿ ಬಂತು. 1898ರ ಹೊತ್ತಿಗೆ ಕೊನೆಯ ಕಾಸಿನ ತನಕ ಸಾಲ ತೀರಿಸಿದ. ಅವನ ಹೆಸರಿನಲ್ಲಿ ಅಮೆರಿಕದಲ್ಲಿ ಹಾಸ್ಯಕ್ಕೆ ಒಂದು ದೊಡ್ಡ ಪ್ರಶಸ್ತಿ ಇದೆ. 2008ರ ಜೂನ್‌ನಲ್ಲಿ ಅದು ಕಾರ್ಲಿನ್‌ಗೆ ಎಂದು ಘೋಷಣೆಯಾಯಿತು. ಕೆಲವೇ ದಿನಗಳಲ್ಲಿ, ಜೂನ್ 22ರಂದು, ಹೃದಯ ನಿಂತು ಅವನು ಹೋದ. ಪ್ರಶಸ್ತಿ ಕೊಟ್ಟದ್ದು ನವೆಂಬರಿನಲ್ಲಿ, ಮರಣೋತ್ತರವಾಗಿ.

ಇನ್ನು ಬಿಟ್ಟುಹೋದದ್ದು. ಚೀಟಿಗಳು, ಟಿಪ್ಪಣಿಗಳೆಲ್ಲ ಮಗಳ ಮೂಲಕ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ 2018ರಲ್ಲಿ ತೆರೆದ ರಾಷ್ಟ್ರೀಯ ಹಾಸ್ಯ ಕೇಂದ್ರಕ್ಕೆ ಸೇರಿವೆ. 2024ರ ಜನವರಿಯಲ್ಲಿ ಒಂದು ಪಾಡ್‌ಕಾಸ್ಟ್‌ನವರು ಅವನ ದನಿಯನ್ನೇ ಅನುಕರಿಸಿದ, ಕೃತಕ ಬುದ್ಧಿಮತ್ತೆಯದೆಂದು ಹೇಳಿಕೊಂಡ ಒಂದು ಗಂಟೆಯ ಕಾರ್ಯಕ್ರಮ ಹೊರತಂದಾಗ ಅವನ ವಾರಸುದಾರರು ಮೊಕದ್ದಮೆ ಹೂಡಿದರು. ಏಪ್ರಿಲ್‌ನಲ್ಲಿ ರಾಜಿಯಾಗಿ ಅದನ್ನು ತೆಗೆದುಹಾಕಿದರು. ನನಗೆ ಇದರಲ್ಲಿ ಬರೀ ಹಕ್ಕುಸ್ವಾಮ್ಯದ ಪ್ರಶ್ನೆ ಕಾಣುವುದಿಲ್ಲ. ಒಂದು ಗಂಟೆ ಹಾಸ್ಯ ಕಟ್ಟಲು ಅವನು ವರ್ಷ, ಎರಡು ವರ್ಷ ತಿರುಗುತ್ತಿದ್ದ. ಅಪರಿಚಿತರ ಮುಂದೆ ನಿಂತು ಪ್ರತಿ ಪದವನ್ನೂ ಪರೀಕ್ಷೆಗೊಡ್ಡುತ್ತಿದ್ದ. ಆ ತಿರುಗಾಟವನ್ನು ಬಿಟ್ಟು ದನಿಯನ್ನಷ್ಟೇ ಎತ್ತಿಕೊಂಡರೆ ಅದು ಅವನ ಗಂಟೆ ಆಗುವುದಾದರೂ ಹೇಗೆ?

ಅವನ ಕೊನೆಯ ಎಚ್‌ಬಿಒ ಕಾರ್ಯಕ್ರಮ 2008ರ ಮಾರ್ಚ್ 1ರಂದು ಕ್ಯಾಲಿಫೋರ್ನಿಯಾದ ಸ್ಯಾಂಟಾ ರೋಸಾದಿಂದ ನೇರವಾಗಿ ಪ್ರಸಾರವಾಯಿತು. ಮುಪ್ಪು, ಸಾವು, ಸತ್ತವರ ಬಗ್ಗೆ ಬದುಕಿರುವವರು ಆಡುವ ಮಾತುಗಳು, ಇವೇ ವಸ್ತು. ಅವನಿಗೆ ಆಗ 70. ತೆರಿಗೆ ಬಾಕಿ ತೀರಿ ವರ್ಷಗಳಾಗಿದ್ದವು. ಮನೆಯಲ್ಲಿ ಕೂರಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಜೂನ್ 15ರಂದು, ಸಾಯುವುದಕ್ಕೆ ಏಳು ದಿನ ಮುಂಚೆ, ಅವನು ಲಾಸ್ ವೇಗಸ್‌ನಲ್ಲಿ ವೇದಿಕೆಯ ಮೇಲಿದ್ದ.